ಕಾಗೆ ಕೂತದ್ದೂ ಕೊಂಬೆ ಮುರಿದದ್ದೂ: ಮಕ್ಕಳ ಲಸಿಕೆಯ ಸುರಕ್ಷತೆಯನ್ನು ಅಳೆಯುವ ಬಗೆ

ಹದಿನೈದು ತಿಂಗಳ ಮಗುವೊಂದಕ್ಕೆ ದಡಾರ, ಮಂಪ್ಸ್ ಮತ್ತು ರುಬೆಲ್ಲಾ ರೋಗಗಳನ್ನು ತಡೆಯುವ ಎಂಎಂಆರ್ ಲಸಿಕೆ ಹಾಕಿಸಲಾಗಿದೆ. ಒಂದು ವಾರ ಏನೂ ಆಗುವುದಿಲ್ಲ. ಒಂಬತ್ತನೆಯ ದಿನ ಸಂಜೆ ಮೈ ಸುಡತೊಡಗುತ್ತದೆ; ರಾತ್ರಿಯ ಹೊತ್ತಿಗೆ ಮಗುವಿನ ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಂಡು, ಕೈಕಾಲು ಸೆಟೆದು ಅದುರುತ್ತವೆ. ಎರಡು ನಿಮಿಷದಲ್ಲಿ ಎಲ್ಲವೂ ನಿಂತು ಮಗು ನಿದ್ದೆಗೆ ಜಾರಿದರೂ ನೋಡುತ್ತಿದ್ದ ತಾಯಿಗೆ ಆ ಎರಡು ನಿಮಿಷ ಒಂದು ಯುಗ. ಚುಚ್ಚುಮದ್ದಿನಿಂದಲೇ ಹೀಗಾಯಿತೆಂದು ಆಕೆ ಹೇಳಿದರೆ ಆ ಮಾತು ಬಹುಮಟ್ಟಿಗೆ ಸರಿಯೇ ಇರುತ್ತದೆ. ಇನ್ನೊಬ್ಬ ತಾಯಿ, ಅದೇ ಲಸಿಕೆ ಹಾಕಿಸಿದ ಕೆಲವು ವಾರಗಳಲ್ಲಿ ತನ್ನ ಮಗು ಕಲಿತ ಮಾತುಗಳನ್ನು ಬಿಟ್ಟುಬಿಟ್ಟು, ಹೆಸರು ಹಿಡಿದು ಕರೆದರೂ ತಿರುಗಿ ನೋಡದಂತಾದದ್ದನ್ನು ಕಂಡು ಅದೇ ಮಾತನ್ನು ಹೇಳಿದರೆ, ಅದು ಸರಿಯಲ್ಲ. ಇಬ್ಬರೂ ತಮ್ಮ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದಾರೆ, ಇಬ್ಬರ ತರ್ಕವೂ ಒಂದೇ ಬಗೆಯದು. ಹಾಗಿದ್ದೂ ಒಬ್ಬರ ಮಾತನ್ನು ಒಪ್ಪಿ ಇನ್ನೊಬ್ಬರ ಮಾತನ್ನು ಒಪ್ಪದಿರಲು ವೈದ್ಯವಿಜ್ಞಾನಕ್ಕೆ ಆಧಾರವೇನು ಎಂಬುದನ್ನು ಇಲ್ಲಿ ಬಿಡಿಸಿ ನೋಡೋಣ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಗಾದೆಯನ್ನು ನಾವು ಯಾವಾಗಲೂ ಕಾಗೆಯ ಪರವಾಗಿಯೇ ಬಳಸುತ್ತೇವೆ. ಆದರೆ ಕೊಂಬೆ ಕಾಗೆಯ ಭಾರಕ್ಕೇ ಮುರಿಯುವ ಸಂದರ್ಭವೂ ಇಲ್ಲದಿಲ್ಲ. ಒಂದು ಮರದ ಕೆಳಗೆ ನಿಂತು ಎಷ್ಟು ಹೊತ್ತು ನೋಡಿದರೂ ಇದು ಯಾವ ಬಗೆಯದೆಂದು ಹೇಳಲು ಬರುವುದಿಲ್ಲ. ಸಾವಿರಾರು ಮರಗಳಲ್ಲಿ ಕಾಗೆ ಕೂತಾಗ ಎಷ್ಟು ಕೊಂಬೆಗಳು ಮುರಿದವು, ಕೂರದಿದ್ದಾಗ ಎಷ್ಟು ಮುರಿದವು ಎಂದು ಎಣಿಸಬೇಕಾಗುತ್ತದೆ. ಮಕ್ಕಳ ಲಸಿಕೆಯ ವಿಷಯದಲ್ಲಿ ಈ ಎಣಿಕೆ ಇನ್ನಷ್ಟು ಮುಖ್ಯ, ಏಕೆಂದರೆ ಮೊದಲ ಎರಡು ವರ್ಷಗಳಲ್ಲಿ ಮಗುವಿಗೆ ಮತ್ತೆ ಮತ್ತೆ ಲಸಿಕೆ ಬೀಳುತ್ತದೆ ಮತ್ತು ಬಾಲ್ಯದ ಅನೇಕ ಕಾಯಿಲೆಗಳು ಮೊದಲು ಕಾಣಿಸಿಕೊಳ್ಳುವುದೂ ಅದೇ ಎರಡು ವರ್ಷಗಳಲ್ಲಿ.

ಲೆಕ್ಕವನ್ನು ಕೈಯಲ್ಲೇ ಹಾಕಿ ನೋಡಬಹುದು. ಲಸಿಕೆಗೆ ಯಾವ ಸಂಬಂಧವೂ ಇಲ್ಲದ ಒಂದು ತೊಂದರೆ, ಎರಡನೆಯ ವರ್ಷದಲ್ಲಿ ನೂರಕ್ಕೆ ಒಂದು ಮಗುವಿನಲ್ಲಿ, ವರ್ಷದ ಯಾವ ದಿನವಾದರೂ ಶುರುವಾಗುತ್ತದೆ ಎಂದು ಇಟ್ಟುಕೊಳ್ಳೋಣ. ಹತ್ತು ಲಕ್ಷ ಮಕ್ಕಳಲ್ಲಿ ಅಂಥ 10,000 ಮಕ್ಕಳಿರುತ್ತಾರೆ. ದಿನವೊಂದಕ್ಕೆ ಸುಮಾರು 27. ಈ ಹತ್ತು ಲಕ್ಷ ಮಕ್ಕಳಿಗೂ ಆ ವರ್ಷ ಒಂದು ಲಸಿಕೆ ಹಾಕಿದರೆ, ಲಸಿಕೆಯ ನಂತರದ ಏಳು ದಿನಗಳಲ್ಲಿ ಸುಮಾರು 190 ಮಕ್ಕಳಲ್ಲಿ ಆ ತೊಂದರೆ ಶುರುವಾಗಲೇಬೇಕು. ಸಿರಿಂಜಿನಲ್ಲಿ ಬರೀ ಉಪ್ಪುನೀರು ಇದ್ದಿದ್ದರೂ ಆ ಸಂಖ್ಯೆ ಬದಲಾಗುತ್ತಿರಲಿಲ್ಲ. ಆ 190 ಮನೆಗಳ ದೃಷ್ಟಿಯಿಂದ ನೋಡಿದರೆ ಮಾತ್ರ, ನಿನ್ನೆ ಮೊನ್ನೆಯವರೆಗೆ ಚೆನ್ನಾಗಿದ್ದ ಮಗು ಲಸಿಕೆಯ ವಾರದಲ್ಲೇ ಹಾಸಿಗೆ ಹಿಡಿದಿದೆ. ಆದ್ದರಿಂದ ಲಸಿಕೆಯ ನಂತರ ಎಷ್ಟು ಮಕ್ಕಳಿಗೆ ಹೀಗಾಯಿತು ಎಂಬ ಸಂಖ್ಯೆ, ಅದೆಷ್ಟೇ ದೊಡ್ಡದಿರಲಿ, ಒಂಟಿಯಾಗಿ ಏನನ್ನೂ ಹೇಳುವುದಿಲ್ಲ. ಹೇಗೂ ಆಗಬೇಕಿದ್ದುದಕ್ಕಿಂತ ಎಷ್ಟು ಹೆಚ್ಚಾಯಿತು ಎಂಬುದೇ ಪ್ರಶ್ನೆ.

ಈ ಹೆಚ್ಚಳವನ್ನು ಅಳೆಯುವುದು ಸುಲಭವೇನಲ್ಲ. ಲಸಿಕೆ ಹಾಕಿಸಿದ ಮಕ್ಕಳನ್ನೂ ಹಾಕಿಸದವರನ್ನೂ ನೇರವಾಗಿ ಹೋಲಿಸಿದರೆ ಸಾಕಲ್ಲವೇ ಎಂದು ಅನಿಸಬಹುದು. ಆದರೆ ಆ ಎರಡು ಗುಂಪುಗಳ ನಡುವೆ ಲಸಿಕೆಯೊಂದೇ ವ್ಯತ್ಯಾಸವಲ್ಲ; ಆದಾಯ, ಆಸ್ಪತ್ರೆಗೆ ಹೋಗುವ ರೂಢಿ, ಮಗುವಿನ ಮೂಲ ಆರೋಗ್ಯ ಎಲ್ಲವೂ ಬೇರೆ ಬೇರೆ ಇರುತ್ತವೆ. ಮೈ ಸರಿಯಿಲ್ಲದ ಮಗುವಿನ ಲಸಿಕೆಯನ್ನು ಮುಂದೂಡುವುದರಿಂದ, ಲಸಿಕೆ ಪಡೆದವರ ಗುಂಪು ತಾನಾಗಿಯೇ ಗಟ್ಟಿಮುಟ್ಟಾದ ಮಕ್ಕಳ ಗುಂಪಾಗಿಬಿಡುತ್ತದೆ. ಇದು ಲಸಿಕೆಯ ಪರವಾಗಿ ವಾಲುವ ದೋಷ ಎಂಬುದನ್ನು ಮರೆಯಬಾರದು. ಲಸಿಕೆ ಪಡೆದವರೇ ಹೆಚ್ಚು ಆರೋಗ್ಯವಾಗಿದ್ದಾರೆ ಎಂದು ತೋರಿಸುವ ಪ್ರತಿ ಅಧ್ಯಯನವನ್ನೂ ಈ ಕಾರಣಕ್ಕೆ ಎರಡು ಸಲ ಓದಬೇಕು. ಈ ತೊಡಕಿನಿಂದ ಪಾರಾಗಲು ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಪ್ಯಾಡಿ ಫಾರಿಂಗ್ಟನ್ 1995ರಲ್ಲಿ ಒಂದು ಜಾಣ ದಾರಿಯನ್ನು ರೂಪಿಸಿದರು: ಮಗುವನ್ನು ಬೇರೆ ಮಗುವಿನ ಜೊತೆ ಹೋಲಿಸದೆ ಅದರದೇ ಬದುಕಿನ ಬೇರೆ ದಿನಗಳ ಜೊತೆ ಹೋಲಿಸುವುದು. ಕೈಕಾಲು ಸೆಟೆದು ಅದುರುವ ಸೆಳವು ಬಂದ ಮಕ್ಕಳನ್ನೆಲ್ಲ ಒಟ್ಟುಮಾಡಿ, ಆ ಸೆಳವುಗಳು ಲಸಿಕೆಯ ಹತ್ತಿರದ ದಿನಗಳಲ್ಲಿ ಗುಂಪುಗೂಡಿವೆಯೋ, ಇಲ್ಲವೇ ಎಲ್ಲ ದಿನಗಳಲ್ಲೂ ಸಮನಾಗಿ ಚದುರಿವೆಯೋ ಎಂದು ನೋಡಿದರಾಯಿತು. ಮನೆತನ, ಬಡತನ, ಅನುವಂಶೀಯತೆ ಎಲ್ಲವೂ ಎರಡೂ ಕಡೆ ಒಂದೇ ಆಗಿರುವುದರಿಂದ ಲೆಕ್ಕವನ್ನು ಕೆಡಿಸುವುದಿಲ್ಲ.

ಮೊದಲ ತಾಯಿಯ ಮಾತು ಗೆಲ್ಲುವುದು ಇಲ್ಲಿಯೇ. ಎಂಎಂಆರ್ ನಂತರ ಜ್ವರದ ಸೆಳವುಗಳು ಸರಿಸುಮಾರು ಆರನೆಯ ದಿನದಿಂದ ಹದಿನಾಲ್ಕನೆಯ ದಿನದವರೆಗೆ ಸ್ಪಷ್ಟವಾಗಿ ಗುಂಪುಗೂಡುತ್ತವೆ, ಆಮೇಲೆ ಮಾಮೂಲಿ ಮಟ್ಟಕ್ಕೆ ಇಳಿಯುತ್ತವೆ. ಇದಕ್ಕೆ ಶರೀರಶಾಸ್ತ್ರದ ಕಾರಣವೂ ಹೊಂದುತ್ತದೆ: ಈ ಲಸಿಕೆಯಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಸ್; ಅದು ಮೈಯಲ್ಲಿ ಬೆಳೆದು ಜ್ವರ ತರಿಸಲು ಒಂದು ವಾರ ಬೇಕು. ಸತ್ತ ರೋಗಾಣುವಿನ ಲಸಿಕೆಗಳಲ್ಲಾದರೆ ಜ್ವರ ಬರುವುದು ಮೊದಲ ಒಂದೆರಡು ದಿನಗಳಲ್ಲಿ. ಹೀಗೆ ಎಂಎಂಆರ್‌ನ ಸುಮಾರು 3,000ದಿಂದ 4,000 ಡೋಸ್‌ಗಳಿಗೆ ಒಂದರಂತೆ ಹೆಚ್ಚುವರಿ ಸೆಳವು ಬರುತ್ತದೆ ಎಂಬುದು ಒಪ್ಪಿತ ಸಂಗತಿ. ಸೀತಾಳೆ ಸಿಡುಬಿನ ಲಸಿಕೆಯನ್ನೂ ಅದೇ ಸಿರಿಂಜಿನಲ್ಲಿ ಸೇರಿಸಿ ಮೊದಲ ಡೋಸ್ ಕೊಟ್ಟರೆ, ಬೇರೆ ಬೇರೆಯಾಗಿ ಕೊಟ್ಟದ್ದಕ್ಕೆ ಹೋಲಿಸಿದಾಗ ಸುಮಾರು 2,300ದಿಂದ 2,600 ಮಕ್ಕಳಿಗೆ ಒಂದು ಸೆಳವು ಹೆಚ್ಚಾಗುತ್ತದೆ. ಯಾವುದೇ ಕಾರಣದ ಜ್ವರಕ್ಕೆ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಎರಡರಿಂದ ಐದು ಮಕ್ಕಳಿಗೆ ಇಂಥ ಸೆಳವು ಬರುವುದುಂಟು. ಬಹುಪಾಲು ಮಕ್ಕಳಲ್ಲಿ ಅದು ಯಾವ ಗುರುತನ್ನೂ ಉಳಿಸದೆ ಹೋಗುತ್ತದೆ. ಎಂಎಂಆರ್‌ಗೆ ಅಂಟಿಕೊಂಡ ಇನ್ನೆರಡು ನಿಜವಾದ ತೊಂದರೆಗಳೂ ಇವೆ: ರಕ್ತದ ಪ್ಲೇಟ್ಲೆಟ್‌ಗಳು ತಾತ್ಕಾಲಿಕವಾಗಿ ಕುಸಿಯುವುದು, ಸುಮಾರು 30,000ದಿಂದ 40,000 ಡೋಸ್‌ಗಳಿಗೆ ಒಂದು, ಮತ್ತು ತೀವ್ರ ಅಲರ್ಜಿ, ಹತ್ತು ಲಕ್ಷ ಡೋಸ್‌ಗಳಿಗೆ ಒಂದೆರಡು.

ಇಷ್ಟು ಅಪರೂಪದ ಅಪಾಯಗಳು ಲಸಿಕೆ ಬಳಕೆಗೆ ಬರುವ ಮೊದಲೇ ಏಕೆ ಗೊತ್ತಾಗುವುದಿಲ್ಲ? ಇದಕ್ಕೆ ಉತ್ತರ ಶುದ್ಧ ಗಣಿತದಲ್ಲಿದೆ. ಒಂದು ಪ್ರಯೋಗದಲ್ಲಿ 3,000 ಮಕ್ಕಳಿದ್ದು ಯಾರಲ್ಲೂ ಒಂದು ನಿರ್ದಿಷ್ಟ ತೊಂದರೆ ಕಾಣದಿದ್ದರೆ, ಆ ತೊಂದರೆ ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂದು ಸುಮಾರು 95 ಶೇಕಡಾ ಭರವಸೆಯಿಂದ ಹೇಳಬಹುದು, ಅದಕ್ಕಿಂತ ಮುಂದೆ ಹೋಗಿ ಏನೂ ಹೇಳುವಂತಿಲ್ಲ. ಮೂರನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸಿದರೆ ಬರುವ ಮಿತಿ ಅದು; ಸಂಖ್ಯಾಶಾಸ್ತ್ರದವರು ಇದನ್ನು ಮೂರರ ನಿಯಮ ಎನ್ನುತ್ತಾರೆ. "ಪ್ರಯೋಗದಲ್ಲಿ ಸುರಕ್ಷಿತ ಎಂದು ಸಾಬೀತಾಗಿದೆ" ಎಂಬ ಮಾತನ್ನು ಕೇಳಿದಾಗ, ಎಷ್ಟು ಸಾವಿರ ಮಕ್ಕಳ ಪ್ರಯೋಗ ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ.

ಈ ಮಿತಿ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಅಮೆರಿಕದ ರೋಟಾಶೀಲ್ಡ್ ಲಸಿಕೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ರೋಟಾವೈರಸ್ ಭೇದಿಯನ್ನು ತಡೆಯುವ ಈ ಬಾಯಿ ಲಸಿಕೆಗೆ 1998ರ ಆಗಸ್ಟ್‌ನಲ್ಲಿ ಅನುಮತಿ ಸಿಕ್ಕಿತು. ಅದಕ್ಕೂ ಮೊದಲಿನ ಪ್ರಯೋಗಗಳಲ್ಲಿ, ಲಸಿಕೆ ಪಡೆದ 10,054 ಶಿಶುಗಳಲ್ಲಿ ಐವರಿಗೆ ಕರುಳಿನ ಒಂದು ತುಂಡು ಮುಂದಿನ ತುಂಡಿನೊಳಗೆ ತೂರಿಕೊಂಡು ದಾರಿ ಕಟ್ಟುವ ತೊಂದರೆ ಕಂಡಿತ್ತು. ಪಡೆಯದ 4,633 ಶಿಶುಗಳಲ್ಲಿ ಒಬ್ಬರಿಗೆ. ಐದಕ್ಕೂ ಒಂದಕ್ಕೂ ಇರುವ ಅಂತರ ಆಕಸ್ಮಿಕವಾಗಿಯೂ ಬರಬಹುದಾದಷ್ಟು ಚಿಕ್ಕದು, ಕಣ್ಣಿಗೆ ಬೀಳುವಷ್ಟು ದೊಡ್ಡದು. ಲಸಿಕೆಯ ಮಾಹಿತಿ ಪತ್ರದಲ್ಲಿ ಅದನ್ನು ನಮೂದಿಸಿ, ಕಣ್ಣಿಡಲಾಯಿತು. ಲಸಿಕೆಯ ನಂತರದ ತೊಂದರೆಗಳನ್ನು ಯಾರು ಬೇಕಾದರೂ ವರದಿ ಮಾಡಬಹುದಾದ ವೇರ್ಸ್ ಎಂಬ ವ್ಯವಸ್ಥೆ ಅಲ್ಲಿ 1990ರಿಂದ ಇದೆ. 1999ರ ಜುಲೈ ಆರಂಭದ ಹೊತ್ತಿಗೆ ಅದರಲ್ಲಿ ಬಿದ್ದ ಈ ಬಗೆಯ ವರದಿಗಳು ಬರೀ 15. ಅಷ್ಟಕ್ಕೇ ಲಸಿಕೆಯನ್ನು ತಡೆಹಿಡಿದು, ಪ್ರತ್ಯೇಕ ಅಧ್ಯಯನ ನಡೆಸಿದಾಗ, ಮೊದಲ ಡೋಸ್‌ನ ನಂತರದ ಮೂರರಿಂದ ಹದಿನಾಲ್ಕು ದಿನಗಳಲ್ಲಿ ಆ ಅಪಾಯ ಇಪ್ಪತ್ತು ಪಟ್ಟಿಗಿಂತ ಹೆಚ್ಚುತ್ತದೆ ಎಂದು ಗೊತ್ತಾಯಿತು. ಒಟ್ಟಾರೆ ಸುಮಾರು 10,000 ಶಿಶುಗಳಿಗೆ ಒಂದು. ಅಕ್ಟೋಬರ್‌ನಲ್ಲಿ ಲಸಿಕೆಯನ್ನು ಮಾರುಕಟ್ಟೆಯಿಂದಲೇ ಹಿಂತೆಗೆದುಕೊಂಡರು. ಆಮೇಲೆ ಬಂದ ಎರಡು ರೋಟಾವೈರಸ್ ಲಸಿಕೆಗಳನ್ನು, ಇದೇ ಅಪಾಯವನ್ನು ಹುಡುಕುವ ಉದ್ದೇಶದಿಂದ, ತಲಾ 60,000ಕ್ಕೂ ಹೆಚ್ಚು ಶಿಶುಗಳಲ್ಲಿ ಪರೀಕ್ಷಿಸಬೇಕಾಯಿತು. ಅವುಗಳಲ್ಲೂ ಒಂದು ಲಕ್ಷಕ್ಕೆ ಒಂದರಿಂದ ಐದರಷ್ಟು ಅಪಾಯ ಉಳಿದಿದೆ ಎಂಬುದನ್ನು ನಂತರದ ಕಣ್ಗಾವಲೇ ತೋರಿಸಿಕೊಟ್ಟಿತು.

ವೇರ್ಸ್‌ನ ಅದೇ ಪಟ್ಟಿಯನ್ನು ಇಂದು ಸಾವಿರಗಟ್ಟಲೆ ಸಾವುನೋವುಗಳ ಪುರಾವೆ ಎಂದು ಹಂಚುವವರೂ ಇದ್ದಾರೆ. ಆ ಪಟ್ಟಿ ಹೊಗೆ ಕಂಡಾಗ ಕೂಗುವ ಗಂಟೆಯಂತೆ. ಬೆಂಕಿಯ ಕೆಲಸವೋ ಒಲೆಯ ಕೆಲಸವೋ ಎಂದು ಅದು ಹೇಳುವುದಿಲ್ಲ. ಹೋಲಿಸಲು ಲಸಿಕೆ ಪಡೆಯದವರ ಲೆಕ್ಕ ಅದರಲ್ಲಿ ಇರುವುದೇ ಇಲ್ಲ.

ಕಾಗೆಯೇ ತಪ್ಪಿತಸ್ಥ ಎಂದು ತೀರ್ಮಾನವಾದ ಪ್ರಕರಣಗಳು ಇನ್ನೂ ಇವೆ. ಎಂಎಂಆರ್‌ನ ಒಂದು ಬಗೆಯಲ್ಲಿ ಬಳಸುತ್ತಿದ್ದ ಉರಾಬೆ ಎಂಬ ಮಂಪ್ಸ್ ತಳಿ ಮಿದುಳಿನ ಹೊದಿಕೆಯ ಉರಿಯೂತವನ್ನು ತರುತ್ತದೆಂದು ಗೊತ್ತಾಗಿ ಜಪಾನ್ 1993ರಲ್ಲಿ ಆ ಲಸಿಕೆಯನ್ನು ನಿಲ್ಲಿಸಿತು. 2009ರ ಹಂದಿಜ್ವರದ ಪಿಡುಗಿನಲ್ಲಿ ಯುರೋಪಿನಲ್ಲಿ ಬಳಸಿದ ಪಾಂಡೆಮ್‌ರಿಕ್ಸ್ ಲಸಿಕೆಯಿಂದ ಕೆಲವು ಮಕ್ಕಳಿಗೆ, ಹದಿಹರೆಯದವರಿಗೆ ಹಗಲುಹೊತ್ತಿನಲ್ಲಿ ತಡೆಯಲಾಗದ ನಿದ್ದೆ ಬರುವ ನಾರ್ಕೊಲೆಪ್ಸಿ ಎಂಬ ಶಾಶ್ವತ ಕಾಯಿಲೆ ಬಂದದ್ದನ್ನು ಮೊದಲು ಗುರುತಿಸಿದವರು ಫಿನ್ಲೆಂಡ್ ಮತ್ತು ಸ್ವೀಡನ್‌ನ ವೈದ್ಯರು. ಬಾಯಿಗೆ ಹನಿ ಹಾಕುವ ಪೋಲಿಯೊ ಲಸಿಕೆಯ ಕಥೆ ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು. ಅದರಲ್ಲಿನ ದುರ್ಬಲ ವೈರಸ್ ಎಲ್ಲೋ ಇಪ್ಪತ್ತು ಮೂವತ್ತು ಲಕ್ಷ ಡೋಸ್‌ಗಳಿಗೆ ಒಮ್ಮೆ ತಾನೇ ಲಕ್ವ ತರಿಸುತ್ತದೆ. ಪೋಲಿಯೊ ವರ್ಷಕ್ಕೆ ಸಾವಿರಾರು ಮಕ್ಕಳನ್ನು ಕುಂಟರನ್ನಾಗಿಸುತ್ತಿದ್ದ ಕಾಲದಲ್ಲಿ ಇದು ಲೆಕ್ಕಕ್ಕೇ ಬಾರದ ಅಪಾಯ. ಅಮೆರಿಕದಲ್ಲಿ ಲಸಿಕೆಯದಲ್ಲದ ಕಾಡು ವೈರಸ್ಸಿನ ಸ್ಥಳೀಯ ಹರಡುವಿಕೆ 1979ಕ್ಕೆ ನಿಂತಿತು. ಆದರೆ ಲಸಿಕೆಯಿಂದಲೇ ವರ್ಷಕ್ಕೆ ಎಂಟು ಹತ್ತು ಜನ ಲಕ್ವಕ್ಕೆ ತುತ್ತಾಗುವುದು ಮುಂದುವರಿಯಿತು. 2000ದಲ್ಲಿ ಆ ದೇಶ ಪೂರ್ತಿಯಾಗಿ ಸತ್ತ ವೈರಸ್ಸಿನ ಚುಚ್ಚುಮದ್ದಿಗೆ ಬದಲಾಯಿತು. ಲಸಿಕೆ ಅದೇ, ಅದರ ಅಪಾಯವೂ ಅಷ್ಟೇ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿದ್ದ ರೋಗ ಹಗುರವಾಗಿತ್ತು. ನನ್ನ ದೃಷ್ಟಿಯಲ್ಲಿ, ಲಸಿಕೆಯನ್ನು ಎಲ್ಲ ಕಾಲಕ್ಕೂ ಎಲ್ಲ ಊರಿಗೂ ಒಂದೇ ಮಾತಿನಲ್ಲಿ ಸುರಕ್ಷಿತ ಎಂದೋ ಅಪಾಯಕಾರಿ ಎಂದೋ ಕರೆಯುವುದು ಏಕೆ ಅರ್ಥಹೀನ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪ್ರಕರಣ ಬೇರೆ ಇಲ್ಲ.

ಕೊಂಬೆ ಮೊದಲೇ ಟೊಳ್ಳಾಗಿದ್ದ ಪ್ರಕರಣವೂ ಒಂದಿದೆ. ನಾಯಿಕೆಮ್ಮಿನ ಹಳೆಯ ಲಸಿಕೆ ಮಕ್ಕಳ ಮಿದುಳನ್ನು ಹಾಳುಮಾಡುತ್ತದೆ ಎಂಬ ಭಯ 1970ರ ದಶಕದಲ್ಲಿ ಹಲವು ದೇಶಗಳಲ್ಲಿ ಹರಡಿತು. ಆ ಲಸಿಕೆ ಜ್ವರವನ್ನೂ ಊತವನ್ನೂ ಹೆಚ್ಚಾಗಿ ತರುತ್ತಿದ್ದುದು ನಿಜ. ಜಪಾನ್‌ನಲ್ಲಿ ಲಸಿಕೆ ಹಾಕಿಸುವವರು ತೀರಾ ಕಡಿಮೆಯಾಗಿ, 1974ರಲ್ಲಿ ಕೆಲವೇ ನೂರಿದ್ದ ನಾಯಿಕೆಮ್ಮಿನ ಪ್ರಕರಣಗಳು 1979ಕ್ಕೆ 13,000 ದಾಟಿದವು, 41 ಮಂದಿ ಸತ್ತರು. ಆದರೆ ಲಸಿಕೆಯ ಬೆನ್ನಿಗೇ ಸೆಳವು ಶುರುವಾಗಿ, ಬೆಳವಣಿಗೆಯೇ ಕುಂಠಿತವಾದ ಮಕ್ಕಳು ಇದ್ದದ್ದೂ ಸುಳ್ಳಲ್ಲ. 2006ರಲ್ಲಿ ಆಸ್ಟ್ರೇಲಿಯಾದ ನರರೋಗತಜ್ಞ ಸ್ಯಾಮುಯೆಲ್ ಬರ್ಕೋವಿಕ್ ಮತ್ತು ಸಂಗಡಿಗರು ಇಂಥ 14 ಜನರ ವಂಶವಾಹಿಗಳನ್ನು ಪರೀಕ್ಷಿಸಿದರು. 11 ಜನರಲ್ಲಿ ಎಸ್‌ಸಿಎನ್1ಎ ಎಂಬ ವಂಶವಾಹಿ ಕೆಟ್ಟಿತ್ತು. ಅದು ಡ್ರಾವೆಟ್ ಸಿಂಡ್ರೋಮ್ ಎಂಬ ತೀವ್ರ ಅಪಸ್ಮಾರದ ಗುರುತು. ತಂದೆತಾಯಿಯ ಡಿಎನ್‌ಎ ಕೂಡ ದೊರೆತ ಕಡೆಗಳಲ್ಲೆಲ್ಲ ಆ ದೋಷ ಮಗುವಿನಲ್ಲಿ ಹೊಸದಾಗಿ ಹುಟ್ಟಿತ್ತು, ಎಂದರೆ ಮನೆತನದ ಇತಿಹಾಸ ಕೇಳಿದರೆ ಅದು ಪತ್ತೆಯಾಗುವಂತಿರಲಿಲ್ಲ. 2010ರ ಮತ್ತೊಂದು ಅಧ್ಯಯನದಲ್ಲಿ, ಡ್ರಾವೆಟ್ ಇರುವ ಮಕ್ಕಳಲ್ಲಿ ಲಸಿಕೆಯ ಹತ್ತಿರ ಸೆಳವು ಶುರುವಾದವರಿಗೆ ಅದು ಕೆಲವು ವಾರ ಬೇಗ ಬಂದಿತ್ತಾದರೂ, ಕಾಯಿಲೆಯ ಮುಂದಿನ ದಾರಿಯಲ್ಲಿ ಉಳಿದವರಿಗಿಂತ ವ್ಯತ್ಯಾಸ ಕಾಣಲಿಲ್ಲ. ಮೊದಲ ಸೆಳವನ್ನು ಲಸಿಕೆಯ ಜ್ವರ ಎಬ್ಬಿಸಿತ್ತು, ಕಾಯಿಲೆಯನ್ನಲ್ಲ. ಮೂವತ್ತು ವರ್ಷ ತಮ್ಮ ನಿರ್ಧಾರವನ್ನೇ ಹಳಿದುಕೊಂಡ ತಂದೆತಾಯಿಗಳಿಗೆ ಈ ಉತ್ತರ ಎಷ್ಟು ತಡವಾಗಿ ಬಂತು ಎಂಬುದನ್ನು ನೆನೆದರೆ ಸಂಕಟವಾಗುತ್ತದೆ.

ಇನ್ನು ಎರಡನೆಯ ತಾಯಿಯ ಮಾತು. ಎಂಎಂಆರ್‌ಗೂ, ಮಾತು ಮತ್ತು ಒಡನಾಟದ ಬೆಳವಣಿಗೆಯನ್ನು ಬಾಧಿಸುವ ಆಟಿಸಂಗೂ ನಂಟಿದೆ ಎಂಬ ಸಂಶಯಕ್ಕೆ ರೆಕ್ಕೆ ಬಂದದ್ದು 1998ರಲ್ಲಿ, ಬ್ರಿಟನ್ನಿನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 12 ಮಕ್ಕಳ ಬಗ್ಗೆ ಬರೆದ ಪ್ರಬಂಧದಿಂದ. ಪತ್ರಕರ್ತ ಬ್ರಯನ್ ಡೀರ್ ವರ್ಷಗಟ್ಟಲೆ ಬೆನ್ನುಹತ್ತಿ ಅದರ ಹುಳುಕುಗಳನ್ನು ಹೊರಗೆಳೆದರು; 2010ರಲ್ಲಿ ಪತ್ರಿಕೆ ಪ್ರಬಂಧವನ್ನು ಹಿಂತೆಗೆದುಕೊಂಡಿತು, ಅದೇ ವರ್ಷ ವೇಕ್‌ಫೀಲ್ಡ್ ಬ್ರಿಟನ್ನಿನ ವೈದ್ಯರ ನೋಂದಣಿಯಿಂದ ಹೊರಬಿದ್ದರು. ಚರ್ಚೆ ಇಲ್ಲಿಗೆ ಮುಗಿಯಿತು ಎಂದು ಹಲವರು ಬರೆಯುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಒಂದು ಪ್ರಬಂಧ ಮೋಸದ್ದೆಂದು ತೋರಿಸಿದರೆ ಆ ಪ್ರಬಂಧ ಬಿದ್ದುಹೋಗುತ್ತದೆ, ಅಷ್ಟೆ. ಅದು ಎತ್ತಿದ ಪ್ರಶ್ನೆಗೆ ಉತ್ತರ ಸಿಕ್ಕಂತಾಗುವುದಿಲ್ಲ. ಉತ್ತರ ಸಿಕ್ಕಿರುವುದು ಬೇರೆಯವರು ಬೇರೆ ಬೇರೆ ದೇಶಗಳಲ್ಲಿ ಮಾಡಿದ ಎಣಿಕೆಯಿಂದ.

ಡೆನ್ಮಾರ್ಕ್‌ನಲ್ಲಿ ಪ್ರತಿ ಮಗುವಿನ ಲಸಿಕೆ ಮತ್ತು ಕಾಯಿಲೆಗಳ ದಾಖಲೆ ರಾಷ್ಟ್ರೀಯ ನೋಂದಣಿಯಲ್ಲಿರುತ್ತದೆ. 1999ರಿಂದ 2010ರವರೆಗೆ ಅಲ್ಲಿ ಹುಟ್ಟಿದ 6,57,461 ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅವರಲ್ಲಿ 6,517 ಮಕ್ಕಳಿಗೆ ಆಟಿಸಂ ಇತ್ತು. ಎಂಎಂಆರ್ ಪಡೆದವರ ಅಪಾಯ ಪಡೆಯದವರದಕ್ಕೆ ಹೋಲಿಸಿದರೆ 0.93 ಪಟ್ಟು, ಅನಿಶ್ಚಿತತೆಯ ಮಿತಿ 0.85ರಿಂದ 1.02. ಈ ಕೊನೆಯ ಸಂಖ್ಯೆಯನ್ನು ಗಮನಿಸಬೇಕು. ಅಪಾಯ ಸೊನ್ನೆ ಎಂದು ಯಾವ ಅಧ್ಯಯನವೂ ಸಾಧಿಸಲಾರದು. ಇದ್ದರೂ ಇಷ್ಟಕ್ಕಿಂತ ಹೆಚ್ಚಿರುವ ಸಂಭವ ತೀರಾ ಕಡಿಮೆ ಎಂದಷ್ಟೇ ಹೇಳಬಲ್ಲದು. ಇಲ್ಲಿ ಆ ಮಿತಿ ನೂರಕ್ಕೆ ಎರಡರಷ್ಟು ಹೆಚ್ಚಳ. ಸಾಮಾನ್ಯ ಮಕ್ಕಳಿಗೆ ಏನೂ ಆಗದಿದ್ದರೂ ಮೊದಲೇ ಆಟಿಸಂನ ಒಲವಿರುವ ಮಕ್ಕಳಿಗೆ ಲಸಿಕೆ ತಗಲಬಹುದಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದನ್ನೂ ಪರೀಕ್ಷಿಸಲಾಗಿದೆ: ಅಣ್ಣ ಅಕ್ಕಂದಿರಿರುವ 95,727 ಅಮೆರಿಕನ್ ಮಕ್ಕಳ 2015ರ ಅಧ್ಯಯನದಲ್ಲಿ, ಅಣ್ಣನಿಗೋ ಅಕ್ಕನಿಗೋ ಆಟಿಸಂ ಇದ್ದ ಮಕ್ಕಳಲ್ಲೂ ಎಂಎಂಆರ್ ಅಪಾಯವನ್ನು ಹೆಚ್ಚಿಸಿರಲಿಲ್ಲ. ಜಪಾನ್ ಎಂಎಂಆರ್ ನಿಲ್ಲಿಸಿತೆಂದೆನಲ್ಲ, ಅಲ್ಲಿನ ಯೊಕೊಹಾಮಾದಲ್ಲಿ ಲಸಿಕೆ ನಿಂತ ಮೇಲೆ ಹುಟ್ಟಿದ ಮಕ್ಕಳಲ್ಲೂ ಆಟಿಸಂನ ಗುರುತಿಸುವಿಕೆ ಏರುತ್ತಲೇ ಹೋಯಿತು. ಮಾತು ಬಿಟ್ಟುಹೋಗುವುದು ಗಮನಕ್ಕೆ ಬರುವ ವಯಸ್ಸು ಎಂಎಂಆರ್‌ನ ವಯಸ್ಸಿಗೆ ಹೊಂದಿಕೊಂಡಿರುವುದು ಕಾಗೆ ಕೂತ ಹೊತ್ತಿನ ಸಂಗತಿ ಮಾತ್ರ.

ಕೆಲವು ಲಸಿಕೆಗಳಲ್ಲಿದ್ದ ಥಿಯೊಮರ್ಸಲ್ ಎಂಬ ಪಾದರಸದ ಸಂರಕ್ಷಕ ಆಟಿಸಂ ತರುತ್ತದೆ ಎಂಬ ಸಂಶಯವನ್ನು ಬೇಗ ಮುಗಿಸಬಹುದು. ಡೆನ್ಮಾರ್ಕ್ ಅದನ್ನು 1992ರಲ್ಲೇ ಬಿಟ್ಟಿತು, ಅಮೆರಿಕದ ಬಹುತೇಕ ಮಕ್ಕಳ ಲಸಿಕೆಗಳಿಂದ ಅದು 2001ರ ಹೊತ್ತಿಗೆ ಹೋಯಿತು, ಆಟಿಸಂನ ಸಂಖ್ಯೆ ಎರಡೂ ಕಡೆ ಇಳಿಯಲಿಲ್ಲ. ಪರಿಣಾಮ ಹೆಚ್ಚಿಸಲು ಕೆಲವು ಲಸಿಕೆಗಳಿಗೆ ಬೆರೆಸುವ ಅಲ್ಯೂಮಿನಿಯಂ ಲವಣಗಳ ವಿಷಯದಲ್ಲಿ ಲಸಿಕೆಯ ಪರ ವಾದಿಸುವವರು ಪದೇ ಪದೇ ಹೇಳುವ ಒಂದು ಹೋಲಿಕೆ ನನಗೆ ಇಷ್ಟವಾಗುವುದಿಲ್ಲ: ಆರು ತಿಂಗಳಲ್ಲಿ ಲಸಿಕೆಯಿಂದ ಸುಮಾರು 4 ಮಿಲಿಗ್ರಾಂ ಹೋದರೆ ಎದೆಹಾಲಿನಿಂದಲೇ ಸುಮಾರು 7 ಮಿಲಿಗ್ರಾಂ ಹೋಗುತ್ತದೆ ಎಂಬುದು. ಕುಡಿದ ಅಲ್ಯೂಮಿನಿಯಂನಲ್ಲಿ ರಕ್ತಕ್ಕೆ ಸೇರುವುದು ಶೇಕಡಾ ಒಂದಕ್ಕಿಂತ ಕಡಿಮೆ, ಚುಚ್ಚಿದ್ದು ಕ್ರಮೇಣ ಎಲ್ಲವೂ ಸೇರುತ್ತದೆ. ಹಾಗಾಗಿ ಆ ಹೋಲಿಕೆ ಅರ್ಧ ಸತ್ಯ. ಅದಕ್ಕಿಂತ ಗಟ್ಟಿಯಾದ ಆಧಾರ ಡೆನ್ಮಾರ್ಕ್‌ನ ನೋಂದಣಿಯಿಂದ 2025ರಲ್ಲಿ ಬಂತು. ಹನ್ನೆರಡು ಲಕ್ಷಕ್ಕೂ ಹೆಚ್ಚು ಮಕ್ಕಳಲ್ಲಿ, ಮೊದಲ ಎರಡು ವರ್ಷದ ಲಸಿಕೆಗಳಿಂದ ಬಂದ ಅಲ್ಯೂಮಿನಿಯಂನ ಪ್ರಮಾಣಕ್ಕೂ ಅಲರ್ಜಿ, ಸ್ವಯಂನಿರೋಧಕ ಕಾಯಿಲೆ, ಆಟಿಸಂ ಸೇರಿದಂತೆ 50 ದೀರ್ಘಕಾಲದ ತೊಂದರೆಗಳಿಗೂ ತಾಳೆ ಹಾಕಿ ನೋಡಿದಾಗ, ಪ್ರಮಾಣ ಹೆಚ್ಚಿದಂತೆ ಅಪಾಯ ಹೆಚ್ಚಿದ ಗುರುತು ಸಿಗಲಿಲ್ಲ.

ಲಸಿಕೆಯ ಬಗ್ಗೆ ಸಂಶಯವಿರುವವರು ಎತ್ತುವ ಇನ್ನೊಂದು ಪುರಾವೆಯನ್ನು ಸರಿಯಾಗಿ ಓದಬೇಕು. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಎಂಬ ತಜ್ಞರ ಸಂಸ್ಥೆ 2011ರಲ್ಲಿ ಲಸಿಕೆ ಮತ್ತು ತೊಂದರೆಗಳ 158 ಜೋಡಿಗಳನ್ನು ಪರಿಶೀಲಿಸಿ, 14ರಲ್ಲಿ ಲಸಿಕೆಯೇ ಕಾರಣವೆಂದು ಗಟ್ಟಿಯಾಗಿ ಒಪ್ಪಿತು, ನಾಲ್ಕರಲ್ಲಿ ಇರಬಹುದೆಂದಿತು, ಎಂಎಂಆರ್ ಮತ್ತು ಆಟಿಸಂ ಸೇರಿದಂತೆ ಐದನ್ನು ತಳ್ಳಿಹಾಕಿತು. ಉಳಿದ 135ಕ್ಕೆ ಸಾಕ್ಷ್ಯ ಸಾಲದು ಎಂದಿತು. ಈ ದೊಡ್ಡ ಸಂಖ್ಯೆಯನ್ನು ಕಂಡು ಗಾಬರಿಯಾಗುವುದು ಸಹಜ. ಆದರೆ ಆ ಜೋಡಿಗಳಲ್ಲಿ ಬಹುಪಾಲು ಅತಿ ವಿರಳ ಕಾಯಿಲೆಗಳವು. ಒಂದೆರಡು ರೋಗಿಗಳ ವರದಿ ಬಿಟ್ಟರೆ ಅವುಗಳ ಬಗ್ಗೆ ಎಣಿಸಲು ಏನೂ ಇರಲಿಲ್ಲ. ಸಾಕ್ಷ್ಯ ಸಾಲದು ಎಂಬುದು ಖುಲಾಸೆಯೂ ಅಲ್ಲ, ಆರೋಪಪಟ್ಟಿಯೂ ಅಲ್ಲ. ಅಪಾಯ ಇದ್ದರೆ ಅದು ಕೈಗೆ ಸಿಗದಷ್ಟು ವಿರಳ ಎಂಬ ಸೂಚನೆ ಮಾತ್ರ ಅದರಿಂದ ಸಿಗುತ್ತದೆ.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿರುವ ದಡಾರದ ತೂಕವನ್ನೂ ಹೇಳಬೇಕು. ಒಳ್ಳೆಯ ಆಸ್ಪತ್ರೆಗಳಿರುವ ಕಡೆಯೂ ದಡಾರ ಬಂದ ಸಾವಿರ ಮಕ್ಕಳಲ್ಲಿ ಒಂದರಿಂದ ಮೂರು ಮಕ್ಕಳು ಸಾಯುತ್ತಾರೆ, ಸುಮಾರು ಒಬ್ಬರಿಗೆ ಮಿದುಳಿನ ಉರಿಯೂತ ಆಗುತ್ತದೆ. ಲಸಿಕೆಯ ಅಪಾಯವನ್ನು ಇದರ ಜೊತೆ ಹೋಲಿಸುವಾಗ ರೋಗ ತಗಲುವ ಸಂಭವವನ್ನೂ ಗುಣಿಸಬೇಕು ಎಂದು ವಾದಿಸುವವರ ಮಾತು ಸರಿಯೇ. ಆದರೆ ದಡಾರ ಎಷ್ಟು ಬೇಗ ಹಬ್ಬುತ್ತದೆಂದರೆ, ಊರಿನಲ್ಲಿ ನೂರಕ್ಕೆ ಸುಮಾರು 95 ಮಂದಿಗೆ ರಕ್ಷಣೆ ಇಲ್ಲದಿದ್ದರೆ ಆ ಸಂಭವ ಕಡಿಮೆಯಾಗಿ ಉಳಿಯುವುದಿಲ್ಲ.

ಜ್ವರದ ಸೆಳವು ಬಂದ ಆ ಮೊದಲ ಮಗುವಿಗೆ ಮುಂದಿನ ಎಂಎಂಆರ್ ಡೋಸ್ ಹಾಕಿಸಬಹುದು. ಸೆಳವು ಅದಕ್ಕೆ ಅಡ್ಡಿಯಲ್ಲ. ಅಡ್ಡಿಯಾಗುವುದು ಹಿಂದಿನ ಡೋಸ್‌ಗೆ ತೀವ್ರ ಅಲರ್ಜಿ ಆಗಿದ್ದರೆ ಅಥವಾ ಮಗುವಿನ ರೋಗನಿರೋಧಕ ಶಕ್ತಿ ತೀರಾ ಕುಸಿದಿದ್ದರೆ. ತಾಯಿ ಮಾತ್ರ ವೈದ್ಯರ ಬಳಿ ಇಷ್ಟು ವಿಷಯ ಹೇಳಬೇಕು: ಲಸಿಕೆ ಹಾಕಿದ ದಿನ ಯಾವುದು, ಸೆಳವು ಬಂದದ್ದು ಎಷ್ಟನೆಯ ದಿನ, ಎಷ್ಟು ಹೊತ್ತಿಗೆ. ವೈದ್ಯರು ಲಸಿಕೆಯ ಬ್ಯಾಚ್ ಸಂಖ್ಯೆಯ ಜೊತೆ ಅದನ್ನು ವರದಿಯ ನಮೂನೆಯಲ್ಲಿ ಬರೆಯುತ್ತಾರೆ. ರೋಟಾಶೀಲ್ಡ್ ನಿಂತದ್ದು ಅಂಥ ಹದಿನೈದು ನಮೂನೆಗಳಿಂದ.